ಹೆಸರು ಬದಲಿಸಲಾಗಿದೆ

ಪರ್ಕಳದ ಇಳಿಜಾರಿನಲ್ಲಿ ಜಲ್ಲಿ ತುಂಬಿದ ಟಿಪ್ಪರಿನ ಹಿಂದೆ ಕಾರು ನಿಂತಾಗ, ತಾನು ಒಂದೇ ಮಾತನ್ನು ಎರಡನೆಯ ಸಲ ಹೇಳುತ್ತಿದ್ದೇನೆ ಎಂದು ಲವೀನಾಗೆ ಗೊತ್ತಾಯಿತು. ಬೇಬಿ ಅಕ್ಕ ಮೂವತ್ತು ವರ್ಷ ಅಂಗನವಾಡಿ ನಡೆಸಿದವರು, ನಿವೃತ್ತಿಯಾದ ಮೇಲೆ ಬಜಗೋಳಿಯಲ್ಲಿ ಬಾಡಿಗೆ ಮನೆ ಹಿಡಿದು ಬುದ್ಧಿ ಬೆಳೆಯದ ದೊಡ್ಡವರಿಗಾಗಿ 'ಜೊತೆಮನೆ' ಎಂಬ ಹಗಲು ಕೇಂದ್ರ ಶುರು ಮಾಡಿದರು, ಈಗ ಅಲ್ಲಿ ಹತ್ತೊಂಬತ್ತು ಮಂದಿ ಇದ್ದಾರೆ, ಮನೆಯ ಯಜಮಾನರು ಮೇ ತಿಂಗಳ ಕೊನೆಗೆ ಬಿಟ್ಟುಕೊಡಲು ಹೇಳಿದ್ದಾರೆ. ಇಷ್ಟನ್ನು ಮಣಿಪಾಲದ ಹೋಟೆಲಿನ ಬಾಗಿಲಲ್ಲಿಯೇ ಹೇಳಿಯಾಗಿತ್ತು. ಪಕ್ಕದಲ್ಲಿ ಕುಳಿತಿದ್ದ ಆಶ್ರಿತಾ ಮೊದಲ ಸಲ ಕೇಳಿದವಳಂತೆಯೇ ತಲೆಯಾಡಿಸುತ್ತಿದ್ದಳು. ಮೂವತ್ತು ದಾಟದ ಹುಡುಗಿ, ಬೆಂಗಳೂರಿನ ಒಂದು ಪ್ರತಿಷ್ಠಾನದಿಂದ ಬಂದವಳು. ಜೊತೆಮನೆಗೆ ಹೊಸ ಜಾಗ ಮತ್ತು ಒಂದು ವ್ಯಾನು ಕೊಡಬೇಕೇ ಬೇಡವೇ ಎಂಬುದು ಅವಳು ಇಂದು ಕಂಡು ಬರೆಯುವ ಎರಡು ಪುಟದ ಮೇಲೆ ನಿಂತಿತ್ತು. ದರ್ಪ ತೋರಿಸುವ ಅಧಿಕಾರಿಗಳನ್ನು ಹೇಗೆ ನಿಭಾಯಿಸಬೇಕೆಂದು ಲವೀನಾಗೆ ಗೊತ್ತು. ಈ ಸಜ್ಜನಿಕೆಯನ್ನು ಏನು ಮಾಡುವುದೆಂದು ತಿಳಿಯಲಿಲ್ಲ. ಎ.ಸಿ. ಹಾಕಿದ್ದರೂ ಅವಳ ಬೆನ್ನು ಬೆವರಿತ್ತು.

ಸಣ್ಣ ಸಂಸ್ಥೆಗಳಿಗೆ ಅರ್ಜಿ ಬರೆದುಕೊಡುವುದು, ನೋಂದಣಿ ಮಾಡಿಸುವುದು, ಸಭೆ ಹೇಗೆ ನಡೆಸಬೇಕು, ನಡಾವಳಿ ಹೇಗೆ ಬರೆಯಬೇಕು ಎಂದು ಹೇಳಿಕೊಡುವುದು ಅವಳ ಕೆಲಸ. ಕಾಪುವಿನ ಮೀನು ಮಾರುವ ಹೆಂಗಸರ ಸಂಘದಿಂದ ಹಿಡಿದು ಹಿರಿಯಡ್ಕದ ಒಂದು ವಾಚನಾಲಯದವರೆಗೆ ಹನ್ನೊಂದು ಕಡೆ ಅವಳ ಕೈಬರಹವಿತ್ತು. ಉಡುಪಿಯಲ್ಲಿ ವರ್ಷಕ್ಕೆರಡು ಬಾರಿ ಅವಳು ತರಬೇತಿ ಕೊಡುತ್ತಿದ್ದಳು. ಅಂಕಿಅಂಶ ಓದಿ ಯಾರೂ ಅಳುವುದಿಲ್ಲ, ಒಂದು ಮುಖ ತೋರಿಸಿ, ಒಬ್ಬ ಮನುಷ್ಯ ಮೊದಲು ಹೇಗಿದ್ದ, ನಂತರ ಹೇಗಾದ ಎಂದು ಹೇಳಿ ಎನ್ನುತ್ತಿದ್ದಳು. ಕೊನೆಯಲ್ಲಿ ಕಂಸದೊಳಗೆ 'ಹೆಸರು ಬದಲಿಸಲಾಗಿದೆ' ಎಂದು ಸೇರಿಸಲು ಮರೆಯಬೇಡಿ ಎಂದಾಗ ಎಲ್ಲರೂ ಶ್ರದ್ಧೆಯಿಂದ ಬರೆದುಕೊಳ್ಳುತ್ತಿದ್ದರು. ಜನವರಿಯಲ್ಲಿ ಜೊತೆಮನೆಯ ಅರ್ಜಿ ತುಂಬುವಾಗ ಅದೇ ಕಾಲಂ ಖಾಲಿ ಉಳಿಯಿತು. ಒಬ್ಬರ ಬದುಕಿನ ಕಥೆ ಹೇಳಿ ಎಂದು ಫೋನಿನಲ್ಲಿ ಕೇಳಿದರೆ ಬೇಬಿ ಅಕ್ಕ ಯೋಚಿಸಿ, ಕ್ರಿಶ್ಚಿಯನ್ ಹೆಂಗಸರನ್ನು ಕರೆಯುವ 'ಬಾಯಿ' ಎಂಬ ಮರ್ಯಾದೆಯ ಮಾತು ಸೇರಿಸಿ, ತುಳುವಿನಲ್ಲಿ, "ಕಥೆ ಎಂತದ್ದು ಬಾಯಿ? ಬೆಳಿಗ್ಗೆ ಬರ್ತಾರೆ, ಕೂತುಕೊಳ್ತಾರೆ, ಸಂಜೆ ಹೋಗ್ತಾರೆ. ಮೊದಲು ಮನೆಯಲ್ಲಿ ಕೂತುಕೊಳ್ತಿದ್ರು, ಈಗ ಇಲ್ಲಿ ಕೂತುಕೊಳ್ತಾರೆ," ಎಂದರು. ಅದನ್ನು ಇಂಗ್ಲಿಷಿಗೆ ತಿರುಗಿಸಿ ಐನೂರು ಪದ ಮಾಡುವ ವಿದ್ಯೆ ಲವೀನಾಗೂ ತಿಳಿದಿರಲಿಲ್ಲ. ಅವಳು ಎದ್ದು ಚಹಾ ಮಾಡಿಕೊಂಡು ಬಂದು ಕುಳಿತವಳು ಮುಕ್ಕಾಲು ಗಂಟೆಯಲ್ಲಿ, ಒಂದು ಕಡೆಯೂ ತಡವರಿಸದೆ, ಸುಮತಿ ಎಂಬವಳ ಕಥೆ ಬರೆದು ಮುಗಿಸಿದಳು. ತಂಗಿಯನ್ನು ನೋಡಲು ಗಂಡಿನ ಕಡೆಯವರು ಬಂದ ದಿನ ಸುಮತಿಯನ್ನು ತಾಯಿ ಕೋಣೆಯೊಂದರಲ್ಲಿ ಕೂಡಿಹಾಕಿದ್ದು, ಸುಮತಿ ಬಾಗಿಲು ಬಡಿದದ್ದು, ತಂಗಿ ಬಂದವರೆದುರಿನಿಂದಲೇ ಎದ್ದು ಹೋಗಿ ಚಿಲಕ ತೆಗೆದದ್ದು, ಮುಂದೆ ಅದೇ ತಂಗಿ ಅಕ್ಕನನ್ನು ಜೊತೆಮನೆಗೆ ಕರೆತಂದದ್ದು, ಈಗ ಸುಮತಿ ಕಾಗದದ ಲಕೋಟೆ ಅಂಟಿಸುತ್ತಿರುವುದು. ಇಡೀ ಅರ್ಜಿಯಲ್ಲಿ ಅದೊಂದೇ ಜೀವವಿದ್ದ ಭಾಗವಾಗಿತ್ತು.

ಭೇಟಿಯ ದಿನ ಸುಮತಿ ಮತ್ತು ಅವರ ತಂಗಿಯನ್ನು ನೋಡಬಹುದೇ ಎಂದು ಆಶ್ರಿತಾ ಮೂರು ದಿನದ ಹಿಂದೆ ಮೇಲ್ ಮಾಡಿದ್ದಳು. ಕುಟುಂಬದವರಿಗೆ ಇಷ್ಟವಿಲ್ಲ ಎಂದು ಲವೀನಾ ಉತ್ತರಿಸಿದಳು. ಖಂಡಿತ, ಅವರ ಮನಸ್ಸಿಗೆ ನೋವಾಗಬಾರದು ಎಂದು ಆಶ್ರಿತಾ ಬರೆದಳು. ಆಮೇಲೆ ಲವೀನಾ ಬೇಬಿ ಅಕ್ಕನಿಗೆ ಫೋನು ಮಾಡಿ, ಹೀಗೊಂದು ಕಥೆ ಹಾಕಿದ್ದೇನೆ, ಯಾರಾದರೂ ಕೇಳಿದರೆ ಆ ಮನೆಯವರು ಮುಂಬಯಿಗೆ ಹೋಗಿದ್ದಾರೆ ಎಂದುಬಿಡಿ ಎಂದಿದ್ದಳು. ನೀವು ಹೆದರಬೇಡಿ, ನಾನು ನೋಡಿಕೊಳ್ಳುತ್ತೇನೆ ಎಂದಿದ್ದರು ಬೇಬಿ ಅಕ್ಕ. ಆ ಧೈರ್ಯದ ಮಾತು ಕೇಳಿದಂದಿನಿಂದ ಲವೀನಾಗೆ ಊಟ ಸೇರುತ್ತಿರಲಿಲ್ಲ. ಹಿರಿಯಡ್ಕದ ಪೇಟೆ ದಾಟುವಾಗ ಅವಳ ಮೊಬೈಲು ಹೊಡೆದುಕೊಂಡಿತು. ಕಾರಿನ ಸ್ಪೀಕರಿಗೆ ಹೋಗದಂತೆ ತಡಬಡಿಸಿ ಕಿವಿಗೆ ಹಿಡಿದಳು. ಸುಮತಿ ರೆಡಿ ಉಂಟು, ತಂಗಿಯೂ ಬಂದಾಗಿದೆ, ನೀವು ಎಲ್ಲಿ ಮುಟ್ಟಿದಿರಿ ಎಂದು ಬೇಬಿ ಅಕ್ಕ ತುಳುವಿನಲ್ಲಿ ಕೇಳಿದರು. ಲವೀನಾ ಆಯಿತು ಎಂದಳು. ಬೇಡ ಎನ್ನಬೇಕಿತ್ತು, ಆದರೆ ಪಕ್ಕದವಳಿಗೆ ತುಳು ಎಷ್ಟು ತಿಳಿಯುತ್ತದೆಯೋ, ಬೇಡ ಎಂಬ ಪದ ಯಾವ ಭಾಷೆಯಲ್ಲಿ ಹೇಳಿದರೂ ಮುಖದಲ್ಲಿ ಕಾಣುತ್ತದೆಯೋ ಏನೋ ಎಂದು ಅಂಜಿದಳು. ಏನಾದರೂ ತೊಂದರೆಯೇ ಎಂದು ಆಶ್ರಿತಾ ಕೇಳಿದ್ದಕ್ಕೆ, ಊಟಕ್ಕೆ ಎಷ್ಟು ಜನ ಎಂದು ಕೇಳುತ್ತಿದ್ದರು ಎಂದಳು. ಸುಳ್ಳು ಎಷ್ಟು ಸಲೀಸಾಗಿ ಬಂತೆಂದರೆ ಅವಳಿಗೇ ನಾಚಿಕೆಯಾಯಿತು.

ಕಾರ್ಕಳದವರೆಗೂ ರಸ್ತೆ ತಾನಾಗಿಯೇ ಸಾಗಿತು. ಇಪ್ಪತ್ತಮೂರು ವರ್ಷದ ಹಿಂದೆಯೂ ಇಂಥದೇ ಏಪ್ರಿಲ್, ಇಂಥದೇ ಸೆಕೆ. ಕಾಪುವಿನ ತವರುಮನೆಯ ಹಿಂಬದಿಯಲ್ಲಿ ತೆಂಗಿನಕಾಯಿ ರಾಶಿ ಹಾಕುವ ಕೋಣೆ, ಅದಕ್ಕೊಂದು ಸಣ್ಣ ಕಿಂಡಿ. ಅಪ್ಪ ಇಮ್ಯಾನುಯೆಲ್ ಬಹರೈನಿನಿಂದ ರಜೆಯಲ್ಲಿ ಬಂದಿದ್ದರು, ಲವೀನಾಳನ್ನು ನೋಡಲು ಗಂಡಿನ ಕಡೆಯವರು ನಾಲ್ಕು ಗಂಟೆಗೆ ಬರುವವರಿದ್ದರು. ಅಮ್ಮ ವಿಲ್ಮಾ, ಲವೀನಾಳ ತಂಗಿ ಝೀಟಾಳಿಗೂ ಇಸ್ತ್ರಿ ಮಾಡಿದ ಫ್ರಾಕು ಹಾಕಿ, ತಲೆ ಬಾಚಿ, ಜಗಲಿಯಲ್ಲಿ ಎಲ್ಲರ ಜೊತೆ ಕೂರಿಸಲು ತಯಾರು ಮಾಡಿದ್ದರು. ಇದ್ದದ್ದನ್ನು ಇದ್ದ ಹಾಗೆ ನೋಡಲಿ, ಆಮೇಲೆ ತಕರಾರು ಬೇಡ ಎಂಬುದು ಅಮ್ಮನ ಲೆಕ್ಕ. ಇಪ್ಪತ್ತೊಂದರ ಝೀಟಾಗೆ ಆರು ವರ್ಷದವಳ ಬುದ್ಧಿ. ಖುಷಿಯಾದರೆ ಬಾಯಿಂದ ಜೊಲ್ಲು ಸುರಿಯುತ್ತಿತ್ತು, ಅವತ್ತು ತುಂಬ ಖುಷಿಯಲ್ಲಿದ್ದಳು. ಗೇಟಿನ ಬಳಿ ಕಾರು ನಿಂತ ಸದ್ದಿಗೆ ಅವಳನ್ನು ಕೈಹಿಡಿದು ಹಿಂದಕ್ಕೆ ಕರೆದೊಯ್ದವಳು ಲವೀನಾ. ಚಿಲಕ ಹಾಕಿದವಳೂ ಲವೀನಾ. ಅಮ್ಮ ಅಡುಗೆಮನೆಯಿಂದ ನೋಡಿದರು, ತಡೆಯಲಿಲ್ಲ. ಆ ಸಂಬಂಧ ಕೂಡಿಬರಲಿಲ್ಲ. ಹುಡುಗಿ ಸ್ವಲ್ಪ ಕಪ್ಪು ಎಂದು ಹೇಳಿಕಳಿಸಿದರು. ಮರುವರ್ಷ ಮೌರಿಸನ ಜೊತೆ ಮದುವೆಯಾಗುವ ಮೊದಲು ಝೀಟಾಳನ್ನು ಒಂದು ಆಶ್ರಮಕ್ಕೆ ಸೇರಿಸಿಯಾಗಿತ್ತು. ಹದಿನಾರು ವರ್ಷ ಅಲ್ಲಿದ್ದು ಅವಳು ತೀರಿಕೊಂಡಳು. ಅರ್ಜಿಯಲ್ಲಿ ಅಮ್ಮನ ಕೈಗೆ ಚಿಲಕ ಹೊರಿಸಿದ್ದಕ್ಕೆ ಲವೀನಾಗೆ ಬರೆಯುವಾಗ ಒಂದಿಷ್ಟೂ ಅಳುಕಾಗಿರಲಿಲ್ಲ. ಅಮ್ಮನೂ ಈಗಿಲ್ಲ, ಇಂಗ್ಲಿಷೂ ಬರುತ್ತಿರಲಿಲ್ಲ.

ಜೊತೆಮನೆಯ ಅಂಗಳಕ್ಕೆ ಸೆಗಣಿ ಸಾರಿಸಿ ರಂಗೋಲಿ ಹಾಕಿದ್ದರು. ಒಳಗೆ ಹತ್ತೊಂಬತ್ತು ಮಂದಿಯೂ ಚಾಪೆಯ ಮೇಲೆ ಸಾಲಾಗಿ ಕುಳಿತಿದ್ದರು, ಎಲ್ಲರ ಹಣೆಯಲ್ಲೂ ಪೌಡರು ಬೆವರಿಗೆ ಕರಗಿತ್ತು. ಭೋಜಣ್ಣ ಎಂಬ ಐವತ್ತರ ಗಂಡಸು ಎದ್ದು ಬಂದು ಆಶ್ರಿತಾಳ ಕೈಗಡಿಯಾರ ಮುಟ್ಟಿ ನೋಡಿ ವಾಪಸು ಹೋಗಿ ಕುಳಿತ. ಅವಳು ನಕ್ಕಳು, ಗಡಿಯಾರ ಬಿಚ್ಚಿ ಅವನ ಕೈಗೇ ಕೊಟ್ಟಳು. ಅಷ್ಟರಲ್ಲಿ ಲವೀನಾ ಬೇಬಿ ಅಕ್ಕನನ್ನು ಅಡುಗೆಮನೆಗೆ ಎಳೆದುಕೊಂಡು ಹೋಗಿ, ಯಾರು ಮಾಡಲು ಹೇಳಿದ್ದು ಇದನ್ನು, ಮುಂಬಯಿ ಎಂದು ಹೇಳಿರಲಿಲ್ಲವೇ ಎಂದು ಹಲ್ಲು ಕಚ್ಚಿ ಕೇಳಿದಳು. ಬೇಬಿ ಅಕ್ಕನಿಗೆ ನಿಜವಾಗಿ ಆಶ್ಚರ್ಯವಾಯಿತು. "ಫೈಲಿನಲ್ಲಿ ಇದ್ದದ್ದು ಎದುರಿಗೆ ಇರಬೇಕು ಬಾಯಿ. ಅಂಗನವಾಡಿಯಲ್ಲಿ ಮೂವತ್ತು ಮಕ್ಕಳ ಹೆಸರು ರಿಜಿಸ್ಟರಿನಲ್ಲಿ ಉಂಟು, ಇನ್ಸ್‌ಪೆಕ್ಷನ್ ದಿನ ಹದಿನೆಂಟೇ ಬಂದ್ರೆ ನಾನು ಹತ್ತಿರದ ಮನೆಗಳಿಂದ ಹನ್ನೆರಡು ತಂದು ಕೂರಿಸ್ತಿದ್ದೆ. ಯಾರ ಮಗು ಆದ್ರೆ ಎಂತ, ಎಲ್ಲ ಮಕ್ಕಳೂ ಉಪ್ಪಿಟ್ಟು ತಿಂದು ಹೋಗ್ತಿದ್ವು," ಎಂದು ತುಳುವಿನಲ್ಲಿ ಹೇಳಿದರು. ಅವರ ಅಣ್ಣನ ಮಗ ಹರ್ಷಿತ್ ಲವೀನಾಳ ಇಂಗ್ಲಿಷನ್ನು ಮೊಬೈಲಿಗೆ ಹಾಕಿ ಕನ್ನಡ ಮಾಡಿಕೊಟ್ಟಿದ್ದ. ಹರ್ಷಿತನ ಅಕ್ಕ ಯಶ್ಮಿತಾ, ಕಾರ್ಕಳದ ಬಟ್ಟೆ ಅಂಗಡಿಗೆ ರಜೆ ಹಾಕಿ, ಅದನ್ನು ಎರಡು ದಿನ ಕೂತು ಬಾಯಿಪಾಠ ಮಾಡಿದ್ದಳು. ಸುಮತಿಯಾಗಲು ಅಪ್ಪಿ ಇದ್ದಳು, ನಲವತ್ತರ ಸಾಧು ಹೆಂಗಸು. ಅವಳಿಗೆ ಮಾಡಲು ಏನೂ ಇರಲಿಲ್ಲ, ಕುಳಿತಿದ್ದರಾಯಿತು. ಲವೀನಾಗೆ ಬೇಬಿ ಅಕ್ಕನ ಮೇಲೆ ಸಿಟ್ಟು ಬಂತು, ಮರುಕ್ಷಣವೇ ಆ ಸಿಟ್ಟಿಗೆ ಬುಡವಿಲ್ಲ ಅನ್ನಿಸಿತು. ತಾನು ಕಾಗದದಲ್ಲಿ ಮಾಡಿದ್ದನ್ನು ಈ ಹೆಂಗಸು ಚಾಪೆಯ ಮೇಲೆ ಮಾಡಿದ್ದಾಳೆ, ಅಷ್ಟೇ ವ್ಯತ್ಯಾಸ.

ಇವರೇ ಸುಮತಿ, ಇವರೇ ತಂಗಿ ಎಂದು ಬೇಬಿ ಅಕ್ಕ ಪರಿಚಯಿಸಿದಾಗ ಆಶ್ರಿತಾ ಲವೀನಾಳ ಕಡೆ ಒಮ್ಮೆ ನೋಡಿದಳು. ಕುಟುಂಬದವರಿಗೆ ಇಷ್ಟವಿಲ್ಲ ಎಂದಿರಲ್ಲ ಎಂಬ ಪ್ರಶ್ನೆ ಆ ನೋಟದಲ್ಲಿತ್ತು, ಅನುಮಾನ ಇನ್ನೂ ಇರಲಿಲ್ಲ. ಕೊನೆಗೆ ಮನಸ್ಸು ಬದಲಾಯಿಸಿದರು ಎಂದು ಲವೀನಾ ಹೇಳಿದಳು. ಯಶ್ಮಿತಾ ನೆಟ್ಟಗೆ ನಿಂತು, ಶಾಲೆಯ ಭಾಷಣ ಸ್ಪರ್ಧೆಯಲ್ಲಿ ನಿಲ್ಲುವಂತೆ ಕೈಕಟ್ಟಿ ಶುರು ಮಾಡಿದಳು. "ನನ್ನ ವಿವಾಹ ಪ್ರಸ್ತಾಪದ ದಿನದಂದು ನನ್ನ ತಾಯಿಯು ನನ್ನ ಸಹೋದರಿಯನ್ನು ಶೇಖರಣಾ ಕೊಠಡಿಯಲ್ಲಿ ಭದ್ರಪಡಿಸಿದರು." ಮೊಬೈಲಿನ ಕನ್ನಡ. ಬೇರೆ ದಿನವಾಗಿದ್ದರೆ ಲವೀನಾ ಹೊರಗೆ ಓಡಿಹೋಗಿ ನಗುತ್ತಿದ್ದಳು. ಆದರೆ ಶೇಖರಣಾ ಕೊಠಡಿ ಎಂದ ಕೂಡಲೇ ತೆಂಗಿನ ಒಣ ಸಿಪ್ಪೆಯ ಧೂಳಿನ ವಾಸನೆ ಮೂಗಿಗೆ ಬಂತು. ಹುಡುಗಿ ಚೆನ್ನಾಗಿಯೇ ಹೇಳುತ್ತಿದ್ದಳು. ಸಹೋದರಿ ಬಾಗಿಲನ್ನು ಬಡಿದಳು ಎನ್ನುವಾಗ ಗಂಟಲು ನಡುಗಿಸಿದಳು. ನಾನು ಅತಿಥಿಗಳ ಸಮ್ಮುಖದಲ್ಲಿಯೇ ಎದ್ದು ಹೋಗಿ ಬಾಗಿಲನ್ನು ತೆರೆದೆನು ಎನ್ನುವಾಗ ಮುಖ ಎತ್ತಿದಳು. ತೆರೆಯಬೇಕಾಗಿದ್ದ ಬಾಗಿಲನ್ನು ಯಾರೋ ಬಟ್ಟೆ ಅಂಗಡಿಯ ಹುಡುಗಿ ಇಪ್ಪತ್ತಮೂರು ವರ್ಷಗಳ ನಂತರ ಬಜಗೋಳಿಯಲ್ಲಿ ತೆರೆದಳು. ಲವೀನಾಗೆ ಒಂದು ಕ್ಷಣ, ನಾಚಿಕೆಗೆಟ್ಟ ಒಂದು ಕ್ಷಣ, ಸಮಾಧಾನವೇ ಆಯಿತು. ಆಶ್ರಿತಾ ಬರೆಯುವುದನ್ನು ನಿಲ್ಲಿಸಿ ಕಣ್ಣೊರೆಸಿಕೊಂಡಳು. ಆಗಿಹೋಯಿತು, ಸಿಕ್ಕಿತು ಎಂದು ಲವೀನಾಳೊಳಗಿನ ಅರ್ಜಿ ಬರೆಯುವವಳು ಲೆಕ್ಕ ಹಾಕಿದಳು.

ಆಗ ಆಶ್ರಿತಾ ಮೆಲ್ಲಗೆ ಕೇಳಿದಳು. "ಬಾಗಿಲು ತೆಗೆದಾಗ ನಿಮ್ಮ ಅಕ್ಕ ಏನಂದ್ರು?"

ಅದು ಐನೂರು ಪದದಲ್ಲಿ ಇರಲಿಲ್ಲ. ಯಶ್ಮಿತಾ ಬೇಬಿ ಅಕ್ಕನನ್ನು ನೋಡಿದಳು, ಬೇಬಿ ಅಕ್ಕ ಲವೀನಾಳನ್ನು ನೋಡಿದರು. ಏನು ಬೇಕಾದರೂ ಹೇಳಬಹುದಿತ್ತು. ಅತ್ತಳು ಎಂದೋ, ಅಪ್ಪಿಕೊಂಡಳು ಎಂದೋ, ಏನೂ ಹೇಳಲಿಲ್ಲ ಎಂದೋ. ಯಾವುದು ಹೇಳಿದ್ದರೂ ನಡೆಯುತ್ತಿತ್ತು. ಕೈಸನ್ನೆ ಮಾಡಿದ್ದರೂ ಸಾಕಿತ್ತು, ಆ ಹುಡುಗಿ ಚುರುಕು. ಆದರೆ ಲವೀನಾಗೆ ಉತ್ತರ ಗೊತ್ತಿತ್ತು. ಅವತ್ತು ಗಂಡಿನ ಕಡೆಯವರೆಲ್ಲ ಕೇಕು ತಿಂದು, ಮಾತಾಡಿ, ಆರೂವರೆಗೆ ಹೋದರು. ಕಪ್ಪುಗಳನ್ನು ಎತ್ತಿಟ್ಟು, ಸೀರೆ ಬದಲಿಸಿ, ಆಮೇಲೆ ನೆನಪಾಗಿ ಹಿಂದಿನ ಕೋಣೆಗೆ ಹೋಗಿದ್ದಳು. ಆಮೇಲೆ ನೆನಪಾಗಿ! ಝೀಟಾ ಕಾಯಿ ರಾಶಿಯ ಪಕ್ಕದಲ್ಲಿ, ಫ್ರಾಕು ಕೊಳೆಯಾಗದ ಹಾಗೆ ಕುಕ್ಕರುಗಾಲಿನಲ್ಲಿ ಕುಳಿತು, ತನ್ನ ಬಾಯಿಯನ್ನು ತಾನೇ ಅಂಗೈಯಿಂದ ಮುಚ್ಚಿಕೊಂಡಿದ್ದಳು. ಎರಡೂವರೆ ಗಂಟೆಗೂ ಮೀರಿ. ಅಂಗೈ ತೆಗೆದಾಗ ಗಲ್ಲದ ಮೇಲೆ ಬೆರಳಿನ ಗುರುತುಗಳಿದ್ದವು. ಬಾಗಿಲು ಬಡಿದದ್ದು ಲವೀನಾ ಬರೆದದ್ದು, ಝೀಟಾ ಬಡಿದಿರಲಿಲ್ಲ.

"ಇವರು ಸುಮತಿ ಅಲ್ಲ," ಎಂದಳು ಲವೀನಾ. ಸ್ವರ ತನ್ನದೇ ಎಂದು ಗುರುತಿಸಲು ಅವಳಿಗೆ ಕಷ್ಟವಾಯಿತು. "ಸುಮತಿ ಅಂತ ಯಾರೂ ಇಲ್ಲ. ಅದು ನನ್ನ ತಂಗಿ ಝೀಟಾಳ ಕಥೆ. ಅವಳು ಈ ಕೇಂದ್ರವನ್ನು ನೋಡಿದ್ದೇ ಇಲ್ಲ, ಸತ್ತು ಆರು ವರ್ಷ ಆಯಿತು. ಇಪ್ಪತ್ತಮೂರು ವರ್ಷದ ಹಿಂದೆ ಆ ಚಿಲಕ ಹಾಕಿದ್ದು ನಾನು. ಅವರು ಹೋಗುವವರೆಗೆ ತೆಗೆಯಲಿಲ್ಲ. ತೆಗೆದಾಗ, 'ಹಾಂವೆಂ ಆವಾಜ್ ಕರುಂಕ್ ನಾ' ಅಂದಳು. ನಾನು ಶಬ್ದ ಮಾಡಲಿಲ್ಲ ಅಂತ. ಹೊಗಳಲಿ ಅಂತ ಕಾಯುತ್ತಿದ್ದಳು." ಹೊಗಳಿದಿರಾ ಎಂದು ಯಾರೂ ಕೇಳಲಿಲ್ಲ. ಹೊಗಳಿದ್ದಳು. ಒಂದು ತುಂಡು ಕೇಕನ್ನೂ ಕೊಟ್ಟಿದ್ದಳು.

ಹೊರಗೆ ಬಸ್ಸೊಂದು ಕುದುರೆಮುಖದ ಕಡೆಗೆ ಹೋಯಿತು. ಯಶ್ಮಿತಾ ಕಟ್ಟಿದ ಕೈ ಬಿಡಿಸಿ, ಎಲ್ಲಿಡುವುದೆಂದು ತಿಳಿಯದೆ, ಮತ್ತೆ ಕಟ್ಟಿಕೊಂಡಳು. ಆಶ್ರಿತಾ ಸಿಟ್ಟಾಗಲಿಲ್ಲ. ಪುಸ್ತಕ ಮುಚ್ಚಿ, ನಿಮ್ಮ ತಂಗಿಯ ವಿಷಯಕ್ಕೆ ನನಗೆ ಬೇಸರವಿದೆ ಎಂದಳು. ಆಮೇಲೆ ಅಷ್ಟೇ ಮೆಲುದನಿಯಲ್ಲಿ ನಿಯಮ ವಿವರಿಸಿದಳು. ಅರ್ಜಿಯಲ್ಲಿ ಸುಳ್ಳಿದೆ ಎಂದು ಅವಳು ಬರೆದರೆ ಮೂರು ವರ್ಷ ಜೊತೆಮನೆಗೆ ಬಾಗಿಲು ಮುಚ್ಚಿದ ಹಾಗೆ. ಸಂಸ್ಥೆಯೇ ಅರ್ಜಿ ಹಿಂತೆಗೆದುಕೊಂಡರೆ ಬರುವ ಜನವರಿಯಲ್ಲಿ ಹೊಸದಾಗಿ ಹಾಕಬಹುದು. ತನ್ನ ಕೈಯಲ್ಲಿ ಇರುವುದು ಇಷ್ಟೇ. "ನಾನು ಕೇಳಿಯೇ ಇಲ್ಲ ಅಂದುಕೊಳ್ಳೋಕೆ ಆಗಲ್ಲ ಲವೀನಾ ಅವರೇ. ಬೇಕಾದ್ರೆ ಹತ್ತು ನಿಮಿಷ ಹೊರಗೆ ನಿಂತಿರ್ತೀನಿ, ನೀವು ಮಾತಾಡಿಕೊಳ್ಳಿ." ಭೋಜಣ್ಣನ ಕೈಯಿಂದ ಗಡಿಯಾರ ವಾಪಸು ಕೇಳಲು ಅವಳಿಗೆ ಸಂಕೋಚವಾಯಿತು, ಅದನ್ನು ಅಲ್ಲಿಯೇ ಬಿಟ್ಟು ಅಂಗಳಕ್ಕಿಳಿದಳು.

ಲವೀನಾ ಬ್ಯಾಗಿನಿಂದ ಜೊತೆಮನೆಯ ಲೆಟರ್‌ಹೆಡ್ ತೆಗೆದಳು, ಅದನ್ನು ಛಾಪಿಸಿಕೊಟ್ಟವಳೂ ಅವಳೇ. ಅರ್ಜಿ ಹಿಂತೆಗೆದುಕೊಳ್ಳುವ ಮೂರು ಸಾಲು ಬರೆದು ಬೇಬಿ ಅಕ್ಕನ ಮುಂದಿಟ್ಟಳು. ಬೇಬಿ ಅಕ್ಕ ಕನ್ನಡಕ ಹುಡುಕಿ ಹಾಕಿಕೊಂಡು, ಒಂದೊಂದೇ ಪದಕ್ಕೆ ಬೆರಳಿಟ್ಟು ಓದಿದರು. ಕಾರ್ಯದರ್ಶಿ ಎಂಬ ಕಡೆ ಗುಂಡು ಅಕ್ಷರದಲ್ಲಿ ರುಜು ಹಾಕಿ, ಇವತ್ತು ತಾರೀಕು ಎಷ್ಟು ಎಂದು ಯಶ್ಮಿತಾಳನ್ನು ಕೇಳಿ ಬರೆದರು, ಸೀಲು ಒತ್ತಿದರು. ತಪ್ಪು ನನ್ನದು, ನಾನು ಇದನ್ನು ಸರಿಮಾಡುತ್ತೇನೆ, ಬೇರೆ ಪ್ರತಿಷ್ಠಾನಗಳಿಗೆ ಬರೆಯುತ್ತೇನೆ ಎಂದು ಲವೀನಾ ತುಳುವಿನಲ್ಲಿ ಶುರು ಮಾಡಿದಳು. ಬೇಬಿ ಅಕ್ಕ ಅದಕ್ಕೆ ಕನ್ನಡದಲ್ಲಿ ಉತ್ತರ ಕೊಟ್ಟರು. ಹೊರಗಿನವರ ಜೊತೆ, ಅಧಿಕಾರಿಗಳ ಜೊತೆ ಆಡುವ ಭಾಷೆ ಅದು, ಹೊರಗಿನವರಿಲ್ಲದಾಗ ಅವರು ಲವೀನಾಳೊಡನೆ ಎರಡು ವರ್ಷದಲ್ಲಿ ಒಮ್ಮೆಯೂ ಅದನ್ನು ಆಡಿರಲಿಲ್ಲ.

"ಸತ್ಯ ಹೇಳಿದ್ದು ಒಳ್ಳೆಯದೇ. ಆದರೆ ಬಾಯಿ, ಅದನ್ನು ಹೇಳಲಿಕ್ಕೆ ನಿಮಗೆ ಇಪ್ಪತ್ತಮೂರು ವರ್ಷ ಇತ್ತು, ಇಗರ್ಜಿ ಇತ್ತು, ಪಾದ್ರಿಗಳು ಇದ್ರು, ನಿಮ್ಮ ಅಮ್ಮ ಬದುಕಿದ್ರು. ನೀವು ಇಲ್ಲಿಗೆ ಬಂದು ಹೇಳಿದ್ರಿ. ನಿಮಗೆ ಹಗುರ ಆಯ್ತು. ಇವರನ್ನು ನಾನು ಜೂನಿನಲ್ಲಿ ಎಲ್ಲಿ ಕೂರಿಸಲಿ?"

ಹಗುರವಾಗಲಿಲ್ಲ ಎನ್ನಬೇಕೆಂದು ಲವೀನಾ ಹೊರಟಳು. ಚಾಪೆಯ ಮೇಲೆ ಅವರೆಲ್ಲ ಅದೇ ಸಾಲಿನಲ್ಲಿ ಕುಳಿತಿದ್ದರು. ಏನಾಯಿತೆಂದು ಅವರಿಗೆ ಯಾರೂ ಹೇಳಿರಲಿಲ್ಲ, ಬಂದವರು ಹೋಗಿಲ್ಲವಾದ್ದರಿಂದ ಅಲುಗಾಡದೆ ಇದ್ದರು. ಅಪ್ಪಿ ಇನ್ನೂ ಸುಮತಿಯ ಜಾಗದಲ್ಲಿಯೇ ಇದ್ದಳು. ಬೇಬಿ ಅಕ್ಕ ಅವಳ ಭುಜ ತಟ್ಟಿ, ಸಾಕು ಏಳು ಎಂದು ತುಳುವಿನಲ್ಲಿ ಹೇಳಿದರು. ತಟ್ಟೆಗಳನ್ನು ಹಾಕಿಸಿದರು. ಭೇಟಿಗೆಂದು ವಿಶೇಷ ಅಡುಗೆ ಆಗಿತ್ತು. ಕುಚ್ಚಲಕ್ಕಿ ಅನ್ನ, ಸೌತೆಕಾಯಿ ಹುಳಿ, ಕಡಲೆ ಸುಕ್ಕ, ಪಾಯಸ. ಆಶ್ರಿತಾ ಅಂಗಳದಲ್ಲಿ ಯಾರೊಡನೆಯೋ ಫೋನಿನಲ್ಲಿ ಮಾತಾಡುತ್ತಿದ್ದಳು, ತನಗೆ ಊಟ ಬೇಡವೆಂದು ಕೈಮುಗಿದಳು. ನಿಂತೇ ಇದ್ದ ಲವೀನಾಳ ಮುಂದೆ ಬೇಬಿ ಅಕ್ಕ ಒಂದು ತಟ್ಟೆ ಇಟ್ಟರು, ಸಾಲಿನ ಕೊನೆಯಲ್ಲಿ, ಭೋಜಣ್ಣನ ಪಕ್ಕ. ಕೂತುಕೊಳ್ಳಿ, ಮೇ ಕೊನೆಯವರೆಗೆ ಇಲ್ಲಿ ಊಟ ಉಂಟು ಎಂದರು. ಹಂಗಿಸಿದ ಸ್ವರವಾಗಿರಲಿಲ್ಲ, ತಾರೀಕು ಹೇಳಿದ ಹಾಗಿತ್ತು.

ಅವಳು ಕುಳಿತಳು. ಒಂದು ತುತ್ತನ್ನೂ ನುಂಗಲಾರೆ ಎಂದುಕೊಂಡು, ಬಡಿಸಿದ್ದನ್ನು ಬಿಡಬಾರದೆಂದು ಕಲಸಿ ಬಾಯಿಗಿಟ್ಟಳು. ಹುಳಿ ಚೆನ್ನಾಗಿತ್ತು. ಮೂರು ದಿನದಿಂದ ಸೇರದೆ ಇದ್ದ ಊಟ ಈಗ ಹಗುರವಾಗಿ ಇಳಿಯಿತು. ಎರಡನೆಯ ತುತ್ತು, ಮೂರನೆಯದು. ಕೈ ತಾನಾಗಿಯೇ ಬೇಗಬೇಗ ಹೋಗುತ್ತಿತ್ತು. ಅವಳಿಗೆ ಹಸಿವಾಗಿತ್ತು. ಬೇಬಿ ಅಕ್ಕ ಅನ್ನದ ಪಾತ್ರೆ ಹಿಡಿದು ಸಾಲಿನುದ್ದಕ್ಕೂ ಬಗ್ಗುತ್ತಾ ಬಂದು, ಅವಳ ಖಾಲಿ ತಟ್ಟೆಯನ್ನು ನೋಡಿ ನಿಂತರು. ಲವೀನಾ ತಲೆ ಎತ್ತಲಿಲ್ಲ. ಬೇಡ ಎಂದೂ ಅನ್ನಲಿಲ್ಲ.